ಮೂಗು ಏಕೆ ಸೋರುತ್ತದೆ?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಮುಂದೆ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ವಿಜ್ಞಾನದ ಮೇಷ್ಟ್ರಲ್ಲ, ವೈದ್ಯನಂತೂ ಅಲ್ಲವೇ ಅಲ್ಲ. ಹಾಗಿದ್ದೂ ಮೂಗು, ನರ, ಕಿಣ್ವ ಎಂದು ಮಾತನಾಡಲು ಇಲ್ಲಿ ನಿಂತಿದ್ದೇನೆ. ಇದಕ್ಕೆ ಒಬ್ಬ ಪುಟ್ಟ ಹುಡುಗಿ ಕಾರಣ. ಮೊದಲು ಅವಳ ವಿಷಯ ಹೇಳಿ ಆಮೇಲೆ ವಿಜ್ಞಾನಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಮೂಗು ಯಾವಾಗಲೂ ಸೋರುತ್ತಿತ್ತು. ದುಪಟ್ಟಾದ ಅಂಚು ಸದಾ ಒದ್ದೆ. ಪಕ್ಕದಲ್ಲಿ ಕೂರಲು ಯಾರೂ ಒಪ್ಪುತ್ತಿರಲಿಲ್ಲ. ಉಕ್ತಲೇಖನ ಕೊಟ್ಟರೆ ಅರ್ಧಕ್ಕರ್ಧ ತಪ್ಪು. ಗಮನ ಕೊಡುವುದಿಲ್ಲ, ಸ್ವಚ್ಛತೆಯೂ ಇಲ್ಲ ಎಂದು ಸಿಟ್ಟಾಗಿ ಒಂದು ದಿನ ಅವಳನ್ನು ಹಿಂದಿನ ಬೆಂಚಿಗೆ ಕಳಿಸಿದೆ. ‘ಮೂಗು ಒರೆಸಿಕೊಂಡು ಬರೋದು ನಿಮ್ಮ ಮನೆಯಲ್ಲಿ ಕಲಿಸಿಲ್ಲವೇ?’ ಎಂದೂ ಅಂದೆ. ಮಕ್ಕಳೆಲ್ಲ ನಕ್ಕರು. ಅವಳು ಮಾತ್ರ ತಲೆ ತಗ್ಗಿಸಿ, ‘ಮನ್ಯಾಗ ಅಮ್ಮಿ ಮೆಣಸಿನಕಾಯಿ ಬಿಡಸ್ತಾರ್ರಿ ಸರ’ ಎಂದಳು.

ನಮ್ಮದು ಬ್ಯಾಡಗಿ ಸೀಮೆ. ಸುಗ್ಗಿ ಮುಗಿದು ಮಾರುಕಟ್ಟೆಗೆ ಮೆಣಸಿನಕಾಯಿ ಬಂತೆಂದರೆ ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ತೊಟ್ಟು ಬಿಡಿಸುವುದೇ ಉದ್ಯೋಗ. ಆ ಮಗು ಹೇಳಿದ್ದು ನೆಪವಲ್ಲ, ಕಾರಣ. ಅದು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಅರ್ಥ ಮಾಡಿಕೊಳ್ಳಲು ಓದಿದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲನೆಯದಾಗಿ, ಸಿಂಬಳ ಎಂದರೆ ಕೊಳಕು ಎಂಬ ಭಾವನೆಯನ್ನು ಬಿಡೋಣ. ನಾವು ಎಳೆದುಕೊಳ್ಳುವ ಗಾಳಿ ಶ್ವಾಸಕೋಶ ತಲುಪುವ ಮುನ್ನ ಮೂಗು ಅದನ್ನು ಬೆಚ್ಚಗೆ ಮಾಡುತ್ತದೆ, ತೇವಗೊಳಿಸುತ್ತದೆ, ಸೋಸುತ್ತದೆ. ಈ ಕೆಲಸಕ್ಕೆ ಮೂಗಿನ ಒಳಗೆಲ್ಲ ತೆಳುವಾದ ಲೋಳೆಯ ಹೊದಿಕೆ ಬೇಕು. ಲೋಳೆಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಉಳಿದದ್ದು ಅಂಟು ಕೊಡುವ ಪ್ರೋಟೀನುಗಳು, ಲವಣಗಳು, ರೋಗಾಣುಗಳನ್ನು ಎದುರಿಸುವ ವಸ್ತುಗಳು. ಧೂಳು ಇದಕ್ಕೆ ಅಂಟಿಕೊಳ್ಳುತ್ತದೆ. ಒಳಪೊರೆಯ ಮೇಲಿರುವ ಅತಿ ಸಣ್ಣ ರೋಮಗಳು ಅದನ್ನು ಗಂಟಲ ಕಡೆಗೆ ದೂಡುತ್ತವೆ. ನಮಗೆ ಗೊತ್ತಿಲ್ಲದಂತೆ ನಾವು ಅದನ್ನು ನುಂಗುತ್ತಲೇ ಇರುತ್ತೇವೆ.

ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಹೆಸರು ನೀವು ಪಾಠದಲ್ಲಿ ಓದಿದ್ದೀರಿ. ಪೆನಿಸಿಲಿನ್ ದೊರೆತದ್ದು 1928ರಲ್ಲಿ. ಅದಕ್ಕೂ ಮೊದಲು, ತಮಗೆ ನೆಗಡಿಯಾಗಿದ್ದಾಗ ಫ್ಲೆಮಿಂಗ್ ತಮ್ಮದೇ ಸಿಂಬಳವನ್ನು ಬ್ಯಾಕ್ಟೀರಿಯಾ ಬೆಳೆದಿದ್ದ ತಟ್ಟೆಗೆ ಹಾಕಿ ಪರೀಕ್ಷಿಸಿದ್ದರು. ಅದು ಬಿದ್ದಲ್ಲಿ ಬ್ಯಾಕ್ಟೀರಿಯಾ ಕರಗಿಹೋಗಿತ್ತು. ಹಾಗೆ ಕರಗಿಸಿದ ಕಿಣ್ವಕ್ಕೆ ಲೈಸೋಜೈಮ್ ಎಂದು ಹೆಸರಿಟ್ಟು 1922ರಲ್ಲಿ ಪ್ರಕಟಿಸಿದರು. ನಾವು ಅಸಹ್ಯಪಟ್ಟು ಮುಖ ತಿರುಗಿಸುವ ವಸ್ತುವಿನಲ್ಲಿ ಒಬ್ಬ ವಿಜ್ಞಾನಿಗೆ ಔಷಧಿಯ ಗುಣ ಕಂಡಿತು.

ಹಾಗಾದರೆ ಈ ಲೋಳೆ ಎಷ್ಟು ಸುರಿಯಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವವರು ಯಾರು? ಇದರಲ್ಲಿ ನರಗಳ ಪಾತ್ರ ದೊಡ್ಡದು.

ಮೂಗಿಗೆ ಮೂರು ಬಗೆಯ ನರಗಳು ಬರುತ್ತವೆ. ಒಂದನೆಯದು ಗ್ರಂಥಿಗಳಿಗೆ ‘ಸುರಿಸು’ ಎಂದು ಹೇಳುವ ಪ್ಯಾರಾಸಿಂಪಥೆಟಿಕ್ ನರ. ಇದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನೂ ಅದರ ಜೊತೆಗೆ ವಿಐಪಿ ಎಂಬ ಪೆಪ್ಟೈಡನ್ನೂ ಬಿಡುತ್ತದೆ. ಎರಡನೆಯದು ರಕ್ತನಾಳಗಳನ್ನು ಬಿಗಿದು ಮೂಗನ್ನು ತೆರವಾಗಿಡುವ ಸಿಂಪಥೆಟಿಕ್ ನರ. ಮೂರನೆಯದು ಉರಿ, ತುರಿಕೆ, ಘಾಟು ಇವನ್ನು ತಿಳಿಯುವ ಸಂವೇದನಾ ನರ. ಇದು ಮುಖದ ದೊಡ್ಡ ನರವಾದ ಟ್ರೈಜೆಮಿನಲ್‌ನ ಕವಲು. ಇದರ ತುದಿಗಳಲ್ಲಿ ಸಬ್‌ಸ್ಟೆನ್ಸ್ ಪಿ, ನ್ಯೂರೋಕೈನಿನ್ ಎ, ಸಿಜಿಆರ್‌ಪಿ ಎಂಬ ಪೆಪ್ಟೈಡುಗಳು ಶೇಖರವಾಗಿರುತ್ತವೆ. ನರಗಳು ಹೀಗೆ ಬಿಡುವ ಪೆಪ್ಟೈಡುಗಳನ್ನು ಒಟ್ಟಾಗಿ ನ್ಯೂರೋಪೆಪ್ಟೈಡುಗಳು ಎನ್ನುತ್ತಾರೆ.

ಪೆಪ್ಟೈಡ್ ಎಂದರೇನು? ನಾನು ಭಾಷೆಯ ಮೇಷ್ಟ್ರಾದ್ದರಿಂದ ಹೀಗೆ ಹೇಳುತ್ತೇನೆ. ಅಮೈನೋ ಆಮ್ಲಗಳು ಅಕ್ಷರಗಳಿದ್ದಂತೆ. ಅವುಗಳನ್ನು ಸಾಲಾಗಿ ಜೋಡಿಸಿದರೆ ಪೆಪ್ಟೈಡ್ ಎಂಬ ಪದವಾಗುತ್ತದೆ. ಬಹಳ ಉದ್ದವಾದರೆ ಪ್ರೋಟೀನ್ ಎಂಬ ವಾಕ್ಯ. ಸಬ್‌ಸ್ಟೆನ್ಸ್ ಪಿ ಎಂಬುದು ಹನ್ನೊಂದು ಅಕ್ಷರದ ಪದ.

ಈ ಪದವನ್ನು ಓದಲು ವಿಜ್ಞಾನಿಗಳಿಗೆ ನಲವತ್ತು ವರ್ಷ ಬೇಕಾಯಿತು. 1931ರಲ್ಲಿ ಲಂಡನ್ನಿನಲ್ಲಿ ಉಲ್ಫ್ ಫಾನ್ ಆಯ್ಲರ್ ಮತ್ತು ಜಾನ್ ಗ್ಯಾಡಮ್ ಎಂಬುವರು ಕುದುರೆಯ ಮಿದುಳು ಮತ್ತು ಕರುಳಿನಿಂದ ಒಂದು ಸಾರ ತೆಗೆದರು. ಅದು ರಕ್ತದೊತ್ತಡವನ್ನು ಇಳಿಸುತ್ತಿತ್ತು, ಮೊಲದ ಕರುಳನ್ನು ಸಂಕುಚಿಸುತ್ತಿತ್ತು. ಏನೆಂದು ತಿಳಿಯದ ಆ ಸಾರ ‘ಪಿ’ ಎಂಬ ಗುರುತಿನಲ್ಲೇ ಉಳಿಯಿತು. ದಶಕಗಳ ನಂತರ ಅಮೆರಿಕದಲ್ಲಿ ಸೂಸನ್ ಲೀಮನ್ ಎಂಬ ವಿಜ್ಞಾನಿ ದನದ ಮಿದುಳಿನ ಭಾಗದಲ್ಲಿ ಬೇರೇನನ್ನೋ ಹುಡುಕುತ್ತಿದ್ದರು. ಅವರು ತೆಗೆದ ಸಾರವನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳ ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ಆ ಜೊಲ್ಲಿನ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಇದೇ ಸಬ್‌ಸ್ಟೆನ್ಸ್ ಪಿ. 1971ರಲ್ಲಿ ಅದರ ಹನ್ನೊಂದು ಅಮೈನೋ ಆಮ್ಲಗಳ ಕ್ರಮ ತಿಳಿಯಿತು. ಅದಕ್ಕೆ ಒಂದು ವರ್ಷ ಮುಂಚೆ, 1970ರಲ್ಲಿ, ಈಜಿಪ್ಟ್ ಮೂಲದ ಡಾ. ಸಾಮಿ ಸೈದ್ ಮತ್ತು ವಿಕ್ಟರ್ ಮುಟ್ ಎಂಬುವರು ವಿಐಪಿಯನ್ನು ಪತ್ತೆ ಮಾಡಿದ್ದರು.

ಈಗ ಮೆಣಸಿನಕಾಯಿಗೆ ಬರೋಣ. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರಿಗೂ ಗೊತ್ತು. ಕಡಿಮೆಯಾದರೂ ಖಾರ ಖಾರವೇ. ಚೀಲ ಕೊಡವಿದರೆ ಇಡೀ ಮನೆ ಸೀನುತ್ತದೆ. ಖಾರಕ್ಕೆ ಕಾರಣವಾದ ವಸ್ತು ಕ್ಯಾಪ್ಸೈಸಿನ್. ಇದು ಸಂವೇದನಾ ನರದ ತುದಿಯಲ್ಲಿರುವ ಒಂದು ಬಾಗಿಲನ್ನು ತೆರೆಯುತ್ತದೆ. ನಿಜವಾದ ಬಿಸಿ ತಗುಲಿದಾಗಲೂ ತೆರೆಯುವುದು ಅದೇ ಬಾಗಿಲು. ಖಾರ ತಿಂದರೆ ಬಾಯಿ ‘ಸುಡುತ್ತದೆ’ ಎಂದು ನಮ್ಮ ಜನ ಮೊದಲಿನಿಂದ ಹೇಳುತ್ತಿದ್ದುದು ಸುಳ್ಳಲ್ಲ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಈ ಬಾಗಿಲನ್ನು ಗುರುತಿಸಿತು. 2021ರಲ್ಲಿ ಅವರಿಗೆ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಬಾಗಿಲು ತೆರೆದ ಮೇಲೆ ಎರಡು ದಾರಿಯಲ್ಲಿ ಸುದ್ದಿ ಹೋಗುತ್ತದೆ. ಒಂದು, ಮಿದುಳಿಗೆ ಹೋಗಿ ಅಲ್ಲಿಂದ ಪ್ಯಾರಾಸಿಂಪಥೆಟಿಕ್ ನರದ ಮೂಲಕ ಗ್ರಂಥಿಗಳಿಗೆ ಆಜ್ಞೆಯಾಗಿ ಮರಳುವುದು. ಖಾರದ ಸಾರು ಉಂಡಾಗ ಮೂಗು ನೀರಾಡುವುದು ಮುಖ್ಯವಾಗಿ ಹೀಗೆಯೇ. ಆ ನರದ ಆಜ್ಞೆಯನ್ನು ತಡೆಯುವ ಅಟ್ರೊಪಿನ್ ಔಷಧಿ ಕೊಟ್ಟರೆ ಅದು ನಿಲ್ಲುತ್ತದೆ. ಇನ್ನೊಂದು, ಕೆರಳಿದ ನರದ ತುದಿಯೇ ಅಲ್ಲಲ್ಲೇ ತನ್ನ ಪೆಪ್ಟೈಡುಗಳನ್ನು ಬಿಡುವುದು. ಸಬ್‌ಸ್ಟೆನ್ಸ್ ಪಿ ಗ್ರಂಥಿಗಳನ್ನು ಸುರಿಯುವಂತೆ ಮಾಡುತ್ತದೆ, ಸಣ್ಣ ರಕ್ತನಾಳಗಳಿಂದ ದ್ರವ ಜಿನುಗುವಂತೆ ಮಾಡುತ್ತದೆ. ಸಿಜಿಆರ್‌ಪಿ ಮುಖ್ಯವಾಗಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೂಗು ಕಟ್ಟುತ್ತದೆ, ಸೋರುತ್ತದೆ. ಮನುಷ್ಯರ ಮೂಗಿನ ಒಳಪೊರೆಯ ಚೂರುಗಳನ್ನು ಪ್ರಯೋಗಾಲಯದಲ್ಲಿ ಜೀವಂತವಾಗಿಟ್ಟು, ಅವುಗಳಿಗೆ ಸಬ್‌ಸ್ಟೆನ್ಸ್ ಪಿ ಸೇರಿಸಿ ಲೋಳೆ ಹೆಚ್ಚುವುದನ್ನು ಅಮೆರಿಕದ ಸಂಶೋಧಕರು ನೋಡಿದ್ದಾರೆ.

ಪ್ರಿಯ ವಿದ್ಯಾರ್ಥಿಗಳೇ, ಈಗ ನಿಮ್ಮ ತರಗತಿಯ ಕಪ್ಪು ಹಲಗೆಯನ್ನು ನೆನಪಿಸಿಕೊಳ್ಳಿ. ಮೇಷ್ಟ್ರು ಬರೆಯುತ್ತಾರೆ, ಡಸ್ಟರಿನಿಂದ ಒರೆಸುತ್ತಾರೆ, ಮತ್ತೆ ಬರೆಯುತ್ತಾರೆ. ಡಸ್ಟರೇ ಇಲ್ಲದಿದ್ದರೆ? ಒಂದರ ಮೇಲೊಂದು ಬರೆದು ಹಲಗೆಯೆಲ್ಲ ಗೋಜಲಾಗುತ್ತದೆ. ನಮ್ಮ ದೇಹದಲ್ಲಿಯೂ ಹಾಗೆಯೇ. ನರ ‘ಸುರಿಸು’ ಎಂದು ಬರೆದದ್ದನ್ನು ಸ್ವಲ್ಪ ಹೊತ್ತಿನಲ್ಲಿ ಅಳಿಸುವವರು ಬೇಕು. ಆ ಡಸ್ಟರಿನ ಹೆಸರು ನ್ಯೂಟ್ರಲ್ ಎಂಡೋಪೆಪ್ಟಿಡೇಸ್. ಇದೊಂದು ಕಿಣ್ವ. ನೆಪ್ರಿಲೈಸಿನ್ ಎಂಬ ಇನ್ನೊಂದು ಹೆಸರೂ ಇದಕ್ಕಿದೆ. ಇದರ ಹೃದಯದಲ್ಲಿ ಸತುವಿನ ಒಂದು ಕಣ ಕೂತಿದೆ. ಮೂಗಿನ ಒಳಪೊರೆಯ ಮೇಲೆ, ಗ್ರಂಥಿಗಳಲ್ಲಿ, ರಕ್ತನಾಳಗಳ ಗೋಡೆಯಲ್ಲಿ, ಅಂದರೆ ಪೆಪ್ಟೈಡು ಎಲ್ಲೆಲ್ಲಿ ಕೆಲಸ ಮಾಡಬೇಕೋ ಅಲ್ಲೆಲ್ಲ ಇದು ಕಾದು ಕುಳಿತಿರುತ್ತದೆ. ಸಬ್‌ಸ್ಟೆನ್ಸ್ ಪಿ ಬಂದ ಕೂಡಲೇ ಆ ಹನ್ನೊಂದು ಅಕ್ಷರದ ಪದವನ್ನು ಕತ್ತರಿಸುತ್ತದೆ. ಕತ್ತರಿಸಿದ ಪದಕ್ಕೆ ಅರ್ಥವಿಲ್ಲ. ಜೀವಕೋಶ ಅದನ್ನು ಓದಲಾರದು. ರಕ್ತನಾಳದ ಗೋಡೆಯಲ್ಲಿ ಎಸಿಇ ಎಂಬ ಇನ್ನೊಂದು ಡಸ್ಟರೂ ಇದೆ. ಅದರ ವಿಷಯಕ್ಕೆ ಮತ್ತೆ ಬರುತ್ತೇನೆ.

ಡಸ್ಟರನ್ನು ಕಿತ್ತುಕೊಂಡರೆ ಏನಾಗುತ್ತದೆ ಎಂದು ವಿಜ್ಞಾನಿಗಳು ಪರೀಕ್ಷಿಸಿದರು. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೇ ನಾಡೆಲ್ ಅವರ ತಂಡ ಪ್ರಾಣಿಗಳ ಶ್ವಾಸನಾಳದಲ್ಲಿ ಈ ಕಿಣ್ವವನ್ನು ಔಷಧಿಯಿಂದ ತಡೆದು ನೋಡಿತು. ಮೊದಲಿನಷ್ಟೇ ಸಬ್‌ಸ್ಟೆನ್ಸ್ ಪಿ ಕೊಟ್ಟರೂ ಲೋಳೆ ಹೆಚ್ಚು ಸುರಿಯಿತು. ಬರೆದದ್ದು ಅಷ್ಟೇ, ಅಳಿಸುವವರು ಇರಲಿಲ್ಲ. ಮುಂದೆ ಇನ್ನೂ ಮುಖ್ಯವಾದ ಸಂಗತಿ ತಿಳಿಯಿತು. ಗಿನಿಪಿಗ್‌ಗಳಿಗೆ ಸಿಗರೇಟಿನ ಹೊಗೆ ಬಿಟ್ಟಾಗ ಈ ಕಿಣ್ವದ ಶಕ್ತಿ ಕುಗ್ಗಿತು. ವೈರಸ್ ಸೋಂಕಾದಾಗಲೂ ಕುಗ್ಗಿತು. ಅಂದರೆ ಹೊಗೆ ಮತ್ತು ನೆಗಡಿ ನರವನ್ನು ಕೆರಳಿಸುವುದಷ್ಟೇ ಅಲ್ಲ, ಡಸ್ಟರನ್ನೂ ಹಾಳುಮಾಡುತ್ತವೆ. ಆಮೇಲೆ ಚಿಟಿಕೆ ಧೂಳೂ ಸಾಕು, ದೊಡ್ಡ ರಾದ್ಧಾಂತ.

ಮೂಗು ಸೋರಲು ಇದೊಂದೇ ಕಾರಣ ಎಂದು ತಿಳಿಯಬೇಡಿ. ಅಲರ್ಜಿಯಲ್ಲಿ ಹಿಸ್ಟಮಿನ್ ಎಂಬ ವಸ್ತುವಿನ ಕೈ ದೊಡ್ಡದು. ಆದರೆ ಹಿಸ್ಟಮಿನ್ ಕೂಡ ಇದೇ ನರಗಳನ್ನು ಕೆರಳಿಸುತ್ತದೆ. ವೈದ್ಯರು ಬರೆದುಕೊಡುವ ಸ್ಟೆರಾಯ್ಡ್ ಮೂಗಿನ ಸ್ಪ್ರೇ ಉರಿಯೂತವನ್ನು ಇಳಿಸುತ್ತದೆ. ಇಂಥ ಔಷಧಿಗಳು ಶ್ವಾಸನಾಳದ ಜೀವಕೋಶಗಳಲ್ಲಿ ನಮ್ಮ ಡಸ್ಟರ್ ಕಿಣ್ವವನ್ನು ಹೆಚ್ಚಿಸುವುದೂ ಪ್ರಯೋಗಾಲಯದಲ್ಲಿ ಕಂಡಿದೆ.

ಇನ್ನು ಹಿರಿಯರಿಗೆ ಒಂದು ಮಾತು. ಬಿಪಿಗೆ ಎನಲಾಪ್ರಿಲ್, ರಾಮಿಪ್ರಿಲ್ ಎಂಬ ಮಾತ್ರೆಗಳನ್ನು ತೆಗೆದುಕೊಳ್ಳುವವರು ಈ ಸಭೆಯಲ್ಲಿ ಇದ್ದೀರಿ. ಅವು ತಡೆಯುವುದು ನಾನು ಆಗ ಹೇಳಿದ ಎಸಿಇ ಎಂಬ ಎರಡನೇ ಡಸ್ಟರನ್ನು. ರಕ್ತದೊತ್ತಡಕ್ಕೆ ಅದರಿಂದ ಒಳ್ಳೆಯದು. ಆದರೆ ಆ ಡಸ್ಟರ್ ಅಳಿಸಬೇಕಾದ ಬ್ರಾಡಿಕೈನಿನ್, ಸಬ್‌ಸ್ಟೆನ್ಸ್ ಪಿ ಉಳಿದುಕೊಳ್ಳುವುದರಿಂದ ಕೆಲವರಿಗೆ ಬಿಡದ ಒಣಕೆಮ್ಮು ಬರುತ್ತದೆ. ಹೃದಯ ದುರ್ಬಲವಾದವರಿಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು ಬಳಕೆಗೆ ಬಂದ ಸಾಕುಬಿಟ್ರಿಲ್ ಎಂಬ ಔಷಧಿ ಮೊದಲನೆಯ ಡಸ್ಟರನ್ನು, ಅಂದರೆ ನೆಪ್ರಿಲೈಸಿನ್ನನ್ನು ತಡೆಯುತ್ತದೆ. ಈ ಎರಡೂ ಬಗೆಯ ಮಾತ್ರೆಗಳನ್ನು ಒಟ್ಟಿಗೆ ಕೊಡುವುದಿಲ್ಲ. ಎರಡೂ ಡಸ್ಟರು ಒಮ್ಮೆಗೇ ಹೋದರೆ ತುಟಿ, ನಾಲಿಗೆ, ಗಂಟಲು ಊದಿಕೊಂಡು ಪ್ರಾಣಕ್ಕೆ ಅಪಾಯವಾಗಬಹುದು. ಆದ್ದರಿಂದ ಪಕ್ಕದ ಮನೆಯವರ ಮಾತ್ರೆ ನುಂಗಬೇಡಿ. ಕೆಮ್ಮು ಬಂತೆಂದು ನಿಮ್ಮ ಮಾತ್ರೆಯನ್ನು ನೀವೇ ಬಿಡಲೂಬೇಡಿ. ವೈದ್ಯರಿಗೆ ತಿಳಿಸಿ, ಅವರು ಬದಲಿಸುತ್ತಾರೆ.

ಮತ್ತೆ ಆ ಹುಡುಗಿಯ ಮನೆಗೆ ಬರುತ್ತೇನೆ. ಒಂದು ಸಂಜೆ ಅವಳ ಮನೆಗೆ ಹೋದೆ. ಇದ್ದದ್ದು ಒಂದೇ ಕೋಣೆ. ಒಂದು ಮೂಲೆಯಲ್ಲಿ ಮೆಣಸಿನಕಾಯಿ ರಾಶಿ, ಇನ್ನೊಂದು ಮೂಲೆಯಲ್ಲಿ ಸೌದೆ ಒಲೆ. ಬಾಗಿಲಲ್ಲಿ ಅವಳ ಅಬ್ಬಾ ಬೀಡಿ ಸೇದುತ್ತ ಕೂತಿದ್ದರು. ಅವಳಿಗೆ ಆಗಲೇ ನೆಗಡಿ, ಕೆಮ್ಮು. ನರ ಬರೆಯಲು ಮೆಣಸಿನ ಘಾಟು, ಡಸ್ಟರ್ ಕಸಿಯಲು ಬೀಡಿಯ ಹೊಗೆ ಮತ್ತು ನೆಗಡಿ, ಎಲ್ಲವೂ ಆ ಒಂದು ಕೋಣೆಯಲ್ಲೇ. ‘ಕಾಯಿ ಬಿಡಸೋದು ಬಿಟ್ರ ಹೊಟ್ಟಿಗೇನ್ರಿ ಸರ?’ ಎಂದು ಅವಳ ಅಮ್ಮಿ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ನಾಳ ಇರುತ್ತದೆ. ಮೂಗು ಬಹಳ ಕಾಲ ಕಟ್ಟಿದ್ದರೆ ಆ ನಾಳವೂ ಮುಚ್ಚಿ, ಮಧ್ಯಕಿವಿಯಲ್ಲಿ ನೀರು ತುಂಬಿ, ಕಿವಿ ಮಂದವಾಗಬಹುದು. ಅವಳಿಗೆ ಆದದ್ದು ಅದೇ. ಉಕ್ತಲೇಖನ ತಪ್ಪಾಗುತ್ತಿದ್ದುದು ಗಮನವಿಲ್ಲದೆ ಅಲ್ಲ, ಕೇಳಿಸದೆ. ಕಿವಿ ಕೇಳಿಸದ ಮಗುವನ್ನು ನಾನು ಹಿಂದಿನ ಬೆಂಚಿಗೆ ಕಳಿಸಿದ್ದೆ.

ಉರ್ದುವಿನಲ್ಲಿ ನೆಗಡಿಗೆ ‘ನಜ್ಲಾ’ ಎನ್ನುತ್ತೇವೆ. ಫಾರಸಿಯಿಂದ ಬಂದ ಒಂದು ಗಾದೆಯ ಪ್ರಕಾರ ನಜ್ಲಾ ಬೀಳುವುದು ದುರ್ಬಲ ಅಂಗದ ಮೇಲೆ. ಯಾರದೋ ತಪ್ಪಿನ ಸಿಟ್ಟು ಬಡಪಾಯಿಯ ಮೇಲೆ ಬಿದ್ದಾಗ ಈ ಮಾತು ಬಳಸುತ್ತಾರೆ. ಎಷ್ಟೋ ವರ್ಷ ಈ ಗಾದೆಯನ್ನು ಪಾಠ ಮಾಡಿದ್ದೆ. ಅರ್ಥವಾದದ್ದು ಆವತ್ತು.

ಸಾವಿರ ವರ್ಷಕ್ಕೂ ಹಿಂದೆ ಬಾಳಿದ ಹಕೀಮ್ ಅಬೂ ಬಕರ್ ಅಲ್-ರಾಜಿಯವರು ಒಂದು ಪುಟ್ಟ ಗ್ರಂಥ ಬರೆದಿದ್ದಾರೆ. ವಸಂತದಲ್ಲಿ ಗುಲಾಬಿಯ ವಾಸನೆ ಬಂದಾಗ ವಿದ್ವಾಂಸರಾದ ಅಬೂ ಜೈದ್ ಅಲ್-ಬಲ್ಖಿಯವರ ಮೂಗು ಏಕೆ ಸೋರುತ್ತದೆ ಎಂಬುದೇ ಅದರ ವಿಷಯ. ಆಗ ಪೆಪ್ಟೈಡೂ ಗೊತ್ತಿರಲಿಲ್ಲ, ಕಿಣ್ವವೂ ಗೊತ್ತಿರಲಿಲ್ಲ. ಆದರೆ ಅವರು ರೋಗಿಯನ್ನು ದೂರದೆ ‘ಏಕೆ?’ ಎಂದು ಕೇಳಿದರು. ನಾನು ಬಿ.ಇಡಿ ಓದಿದವನು, ಆ ಮಗುವಿನ ವಿಷಯದಲ್ಲಿ ಅಷ್ಟನ್ನೂ ಕೇಳಿರಲಿಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು?

ಪಾಲಕರೇ, ಮಕ್ಕಳಿರುವ ಕೋಣೆಯಲ್ಲಿ ಬೀಡಿ, ಸಿಗರೇಟು ಬೇಡ. ಬಾಗಿಲಲ್ಲಿ ಕೂತು ಸೇದಿದರೂ ಹೊಗೆ ಒಳಗೇ ಬರುತ್ತದೆ. ಮೆಣಸಿನಕಾಯಿ ಬಿಡಿಸುವ ಕೆಲಸವನ್ನು ಆದಷ್ಟು ಹೊರಗೆ, ಗಾಳಿ ಆಡುವ ಕಡೆ ಮಾಡಿ. ಮೂಗಿಗೆ ಬಟ್ಟೆ ಅಥವಾ ಮಾಸ್ಕ್ ಕಟ್ಟಿಕೊಳ್ಳಿ. ಒಣ ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ವುಜೂ ಮಾಡುವಾಗ ಮೂಗಿಗೆ ನೀರು ಹಾಕಿ ತೊಳೆಯುವ ಅಭ್ಯಾಸ ನಮಗಿದೆ, ಕೆಲಸ ಮುಗಿದ ಮೇಲೂ ಹಾಗೆ ತೊಳೆದುಕೊಂಡರೆ ಧೂಳು ಹೋಗುತ್ತದೆ. ವೈದ್ಯರು ಉಪ್ಪುನೀರಿನಿಂದ ಆಳವಾಗಿ ತೊಳೆಯಲು ಹೇಳಿದರೆ ಕುದಿಸಿ ಆರಿಸಿದ ನೀರನ್ನೇ ಬಳಸಿ. ಅಂಗಡಿಯಲ್ಲಿ ಸಿಗುವ, ಕಟ್ಟಿದ ಮೂಗು ತಕ್ಷಣ ಬಿಡಿಸುವ ಹನಿಗಳನ್ನು ಕೆಲವೇ ದಿನಗಳಿಗಿಂತ ಹೆಚ್ಚು ಹಾಕಬೇಡಿ, ಅವೇ ಮೂಗನ್ನು ಮತ್ತೆ ಕಟ್ಟಿಸುತ್ತವೆ. ಸಣ್ಣ ಮಗುವಿನ ಒಂದೇ ಹೊಳ್ಳೆಯಿಂದ ವಾಸನೆಯ ನೀರು ಬಂದರೆ ಮಣಿಯೋ ಬೀಜವೋ ಸಿಕ್ಕಿಕೊಂಡಿರಬಹುದು, ತಡಮಾಡದೆ ತೋರಿಸಿ. ತಲೆಗೆ ಪೆಟ್ಟು ಬಿದ್ದ ಮೇಲೆ ಮೂಗಿನಿಂದ ತಿಳಿನೀರು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಶಿಕ್ಷಕ ಬಂಧುಗಳೇ, ಮೂಗು ಸೋರುವ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ. ಅದರ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ತಿರುಗದಿದ್ದರೆ ಕಿವಿ ಪರೀಕ್ಷೆ ಮಾಡಿಸಲು ಮನೆಯವರಿಗೆ ಹೇಳಿ.

ಸಂಸ್ಥೆಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ಎಲ್ಲವೂ ಒಳ್ಳೆಯ ಕೆಲಸಗಳೇ. ಅವುಗಳ ಜೊತೆಗೆ ವರ್ಷಕ್ಕೊಮ್ಮೆ, ಮೆಣಸಿನಕಾಯಿ ಸೀಜನ್ನಿನಲ್ಲಿ, ಮಕ್ಕಳ ಕಿವಿ ಮೂಗು ತಪಾಸಣೆಗೆ ಒಂದು ದಿನ ಇಡಬೇಕು. ಕಾಯಿ ಬಿಡಿಸುವ ತಾಯಂದಿರಿಗೆ ಮಾಸ್ಕ್ ಹಂಚಬೇಕು. ಕೇಳದ ಕಿವಿಗೆ ಎಷ್ಟು ವಿದ್ಯಾರ್ಥಿವೇತನ ಕೊಟ್ಟರೂ ಪಾಠ ಹತ್ತುವುದಿಲ್ಲ.

ಆ ಹುಡುಗಿ ಮುಂದಿನ ಬೆಂಚಿಗೆ ಬಂದಳು. ಔಷಧಿಯಿಂದ ಕಿವಿ ತಿಳಿಯಾಯಿತು. ಉಕ್ತಲೇಖನದ ತಪ್ಪುಗಳು ಕಡಿಮೆಯಾದವು. ಅವಳ ಅಬ್ಬಾ ಬೀಡಿ ಸೇದಲು ಬೀದಿಯ ಕಟ್ಟೆಗೆ ಹೋಗತೊಡಗಿದರು. ಮೂಗು ಮಾತ್ರ ಪೂರ್ತಿ ನಿಲ್ಲಲಿಲ್ಲ, ಏಕೆಂದರೆ ಮೆಣಸಿನಕಾಯಿ ನಿಲ್ಲಲಿಲ್ಲ. ಸೀಜನ್ ಬಂದಾಗ ದುಪಟ್ಟಾದ ಅಂಚು ಒದ್ದೆಯಾಗುತ್ತಲೇ ಇತ್ತು. ಅವಳ ಬೆಂಚಿನ ಮೇಲೆ ನಾನೊಂದು ಒಗೆದ ಕರವಸ್ತ್ರ ಇಡತೊಡಗಿದೆ. ಆದರೆ ಎಲ್ಲ ಮಕ್ಕಳ ಮುಂದೆ ಬೈದಿದ್ದ ನಾನು ಎಲ್ಲರ ಮುಂದೆ ಅವಳ ಕ್ಷಮೆ ಕೇಳಲಿಲ್ಲ. ಇವತ್ತು ಈ ಸಭೆಯಲ್ಲಿ ಅದನ್ನು ಕೇಳುತ್ತಿದ್ದೇನೆ.